ಸಿಡಿಲುರಾಯನ ಅಂಗಿಯ ಬಣ್ಣ

ಕಳಸದ ಅಂಗಡಿಗಳ ಬೋರ್ಡು, ಜೀಪುಗಳ ನಂಬರು ಬರೆಯುತ್ತಿದ್ದವರು ನಮ್ಮ ಪಕ್ಕದ ಮನೆಯ ನಸರುಲ್ಲಾ. ಐವತ್ತು ದಾಟುವಾಗ ಮಂಡಿ ಹೋಯಿತು. ಏಣಿ ಇಳಿಯುವಾಗ ಮುಖ ಕಿವುಚುತ್ತಿದ್ದರು. ೧೯೯೮ರ ಸುಮಾರಿಗೆ ಚಿಕ್ಕಮಗಳೂರಿನ ಪ್ರೆಸ್ಸಿನ ಜಯದೇವಪ್ಪನವರು ಅವರಿಗೊಂದು ಕೆಲಸ ಹೇಳಿದರು. ಭಾನುವಾರ ಟಿವಿಯಲ್ಲಿ ಹಿಂದಿಯಲ್ಲಿ ಮಕ್ಕಳ ಸೀರಿಯಲ್ ಬರುತ್ತಿತ್ತು; ಅದರಲ್ಲಿ ಹಾರಿ ಬಂದು ಕಳ್ಳರನ್ನು ಹಿಡಿಯುವವನಿಗೆ ನಮ್ಮ ಮಕ್ಕಳು ಸಿಡಿಲುರಾಯ ಎನ್ನುತ್ತಿದ್ದರು. ಅದನ್ನು ಕನ್ನಡದಲ್ಲಿ ಚಿತ್ರಕಥೆ ಪುಸ್ತಕ ಮಾಡಬೇಕು. ಸೀರಿಯಲ್ಲಿನವರ ಒಪ್ಪಿಗೆಯೂ ಸಿಕ್ಕಿತ್ತು. ಪುಸ್ತಕ ಚೆನ್ನಾಗಿ ಬಂದರೆ ಪ್ರೆಸ್ಸಿನಲ್ಲೇ ಕೂತು ಚಿತ್ರ ಬರೆಯುವ ಕೆಲಸ. ಇನ್ನು ಏಣಿ ಹತ್ತುವುದಿಲ್ಲ ಎಂದು ನಸರುಲ್ಲಾ ಹೆಂಡತಿ ಕುಲ್ಸುಮಳಿಗೆ ಹೇಳಿಯೂ ಬಿಟ್ಟರು.

ಟಿವಿ ಇದ್ದದ್ದು ನಮ್ಮನೆಯಲ್ಲಿ. ನಸರುಲ್ಲಾ ನೆಲದ ಮೇಲೆ ಕಾಲು ಚಾಚಿ, ಹಳೇ ಕ್ಯಾಲೆಂಡರಿನ ಬೆನ್ನಿಗೆ ಚಿತ್ರ, ಮಾತು ಎರಡನ್ನೂ ಗೀಚಿಕೊಳ್ಳುತ್ತಿದ್ದರು. ಕರೆಂಟು ಹೋದರೆ ಉಳಿದ ಕಥೆ ಅವರೇ ಕಟ್ಟಬೇಕು.

“ಅಯ್ಯೋ ಮಾರಾಯ್ರೆ, ಕಳ್ಳನ್ನ ಭದ್ರಾ ಹೊಳೆಗೆ ಯಾಕೆ ಬೀಳ್ಸಿದ್ರಿ?” ಎಂದೆ.

“ಎಲ್ಲಾದ್ರೂ ಬೀಳ್ಬೇಕಲ್ಲ ಅಕ್ಕ, ನಮಗೆ ಹೊಳೆಯೇ ಹತ್ರ!”

ರಾಯನಿಗೆ ಮಾಗಿದ ಕಾಫಿ ಹಣ್ಣಿನ ಕೆಂಪು ಅಂಗಿ ಹಾಕಿದರು. ನನಗೂ ಕುಲ್ಸುಮಳಿಗೂ ಕೇರಿಯ ಮಕ್ಕಳಿಗೂ ಅದೇ ಸರಿ ಎನಿಸಿತು.

ಮೇ ಕೊನೆಗೆ ಜಯದೇವಪ್ಪನವರು ಬಂದು ನಮ್ಮ ಜಗಲಿಯಲ್ಲಿ ಹಾಳೆ ತಿರುವಿದರು. “ಏನ್ರೀ ಇದು? ಅವನದ್ದು ಹಸಿರು ಅಂಗಿ ಅಲ್ವೇನ್ರೀ? ಯಾವ ಟಿವೀಲಿ ನೋಡಿದ್ರಿ?”

ನಸರುಲ್ಲಾ ಒಳಕ್ಕೆ ಕೈ ತೋರಿಸಿದರು. ನಮ್ಮದು ಕಪ್ಪು ಬಿಳುಪಿನದ್ದು. ಕೇರಿಯಲ್ಲಿ ಎಲ್ಲರದ್ದೂ ಹಾಗೇ.

“ಸೀರಿಯಲ್ಲಿನವ್ರು ಒಪ್ಪಲ್ಲ. ಎಲ್ಲಾ ಮತ್ತೆ ಬರೀರಿ.”

ಕೆಂಪಿನ ಮೇಲೆ ಹಸಿರು ಬಳಿದರೆ ಸಗಣಿ ಬಣ್ಣ. ಹೊಸ ಹಾಳೆಯಲ್ಲಿ ಮೊದಲಿಂದ ಶುರು ಮಾಡುವಷ್ಟರಲ್ಲಿ ಮಳೆ ಹಿಡಿಯಿತು. ಬಣ್ಣ ಒಣಗಲೊಲ್ಲದು. ಕುಲ್ಸುಮ್ ಒಲೆಯ ಮೇಲೆ ಹಾಳೆ ಹಿಡಿದು ಹಿಡಿದು ಸೋತಳು. ಹೊಗೆಗೆ ರಾಯನ ಮುಖವೇ ಕರ್ರಗಾಯಿತು. ಜಯದೇವಪ್ಪನವರು ಕಾದರು, ಆಮೇಲೆ ಹಳೇ ಕೆಂಪು ಹಾಳೆಗಳನ್ನು ತರಿಸಿಕೊಂಡು ಬೇರೆಯವರಿಂದ ಚಿತ್ರ ಬರೆಸಿದರು.

ದೀಪಾವಳಿಗೆ ಪುಸ್ತಕ ಬಂತು. ನನಗೆ ಒತ್ತಕ್ಷರ ಓದಲು ಕಷ್ಟ. ನಸರುಲ್ಲಾ ಓದಿ ಹೇಳುತ್ತ ನಡುವೆ ನಿಂತರು.

“ಮಾತೆಲ್ಲ ನಂದೇ ಇಟ್ಟಿದಾರೆ ಅಕ್ಕ. ಚಿತ್ರ ಮಾತ್ರ ಬೇರೆಯವ್ರದ್ದು.”

“ಹೋಗಿ ಕೇಳಿ ಮತ್ತೆ!”

“ಸುಸ್ತಾಯ್ತು. ಬಿಡಿ.”

ಮರುದಿನ ಕೊಟ್ಟಿಗೆಹಾರದಲ್ಲಿ ಹೊಸ ಹೋಟೆಲಿನ ಬೋರ್ಡು ಬರೆಯುವುದಿತ್ತು. ಕುಲ್ಸುಮ್ ಅವರ ಮಂಡಿಗೆ ಬಿಗಿಯಾಗಿ ಬಟ್ಟೆ ಸುತ್ತಿದಳು.

“ಎತ್ತರದ್ದಾ?” ಎಂದೆ.

“ಮಹಡಿ ಮೇಲಿಂದು” ಎಂದು, ಬಣ್ಣದ ಡಬ್ಬಿ ಹಿಡಿದು ಬಸ್ಸಿಗೆ ನಡೆದರು.