ಸೋಮವಾರದ ಕಿತ್ತಳೆ ರಸ

ನಮ್ಮ ಸೋದರಮಾವ ಎರ್ರಿಸ್ವಾಮಿ ಅಜ್ಜಿಗೆ ಹೇಳಿದ್ದು ಒಂದೇ ಸುಳ್ಳು. ಬಳ್ಳಾರಿಯಲ್ಲಿ ಅವನು ಕೆಲಸಕ್ಕಿದ್ದುದು ಬಾರಿನಲ್ಲಿ. ಮನೆಯಲ್ಲಿ ಹೇಳಿದ್ದು ಟಿಫಿನ್ ಹೋಟೆಲೆಂದು. ತಾತ ಕುಡಿದೇ ತೀರಿಹೋದವರು. ರಾಯದುರ್ಗದ ನಮ್ಮ ಮನೆಯಲ್ಲಿ ಆಮೇಲೆ ಯಾರೂ ಆ ಮಾತನ್ನೇ ಎತ್ತುತ್ತಿರಲಿಲ್ಲ. ಮಾವ ಒಂದು ಹನಿಯನ್ನೂ ಬಾಯಿಗೆ ಹಾಕಿದವನಲ್ಲ. ಬಾರಿನಲ್ಲಿ ಗ್ಲಾಸು ತೊಳೆದು ಟೇಬಲ್ ಒರೆಸುತ್ತಿದ್ದ.

ಅವನ ವಾರದ ರಜೆ ಸೋಮವಾರ. ಅಂದೇ ಅಜ್ಜಿ ಬಸವರಾಜೇಶ್ವರಿಗೆ ಉಪವಾಸ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಂದು ಲೋಟ ಕಿತ್ತಳೆ ರಸ. ಸಂಜೆಯ ಪೂಜೆಯವರೆಗೆ ಬರೀ ನೀರು. ರಸವನ್ನು ಮಾವನೇ ಹಿಂಡಿ, ಎರಡು ಸಲ ಸೋಸಿ, ಅಡುಗೆಕಟ್ಟೆಯ ಮೇಲೆ ಸ್ಟೀಲ್ ಲೋಟದಲ್ಲಿ ಇಡುತ್ತಿದ್ದ.

ಕಳೆದ ಕಾರ್ತಿಕದಲ್ಲಿ ಬಾರಿನ ಮ್ಯಾನೇಜರು, "ಮಂಗಳವಾರ ಸ್ಕ್ರೂಡ್ರೈವರ್ ಸರಿಯಾಗಿ ಮಾಡಿ ತೋರ್ಸು, ಕೌಂಟರಿಗೆ ಹಾಕ್ತೀನಿ. ಇಲ್ಲಂದ್ರ ಟೇಬಲ್ ಒರಸ್ಕೋತ ಮುದುಕ ಆಗು," ಎಂದನಂತೆ. ಸ್ಕ್ರೂಡ್ರೈವರ್ ಎಂದರೆ ಕಿತ್ತಳೆ ರಸಕ್ಕೆ ವಾಸನೆಯೇ ಬಾರದ ವೋಡ್ಕಾ ಬೆರೆಸಿ ಐಸ್ ಹಾಕುವುದು, ಅಷ್ಟೇ. ಆದರೆ ಅಳತೆ ತಪ್ಪಬಾರದು. ಸೋಮವಾರ ಮಾವ ಮನೆಯಲ್ಲೇ ಮಾಡಿ ನೋಡಿದ. ಬಾರಿನಿಂದ ತಂದಿದ್ದ ವೋಡ್ಕಾವನ್ನು ಕೆಮ್ಮಿನ ಔಷಧಿಯ ಮುಚ್ಚಳದಿಂದ ಆರು ಸಲ ಅಳೆದು ಲೋಟಕ್ಕೆ ಹಾಕಿದ. ಅದರ ಮೇಲೆ ರಸ ಸುರಿದು, ಲೋಟವನ್ನು ಅಡುಗೆಕಟ್ಟೆಯ ಮೇಲೇ ಬಿಟ್ಟು, ಐಸ್ ತರಲು ಸೋಡಾ ಅಂಗಡಿಗೆ ಓಡಿದ. ನಾನು ಪಡಸಾಲೆಯಲ್ಲಿ ಜೀನ್ಸ್ ಪ್ಯಾಂಟುಗಳ ಹೆಚ್ಚಿನ ದಾರ ಕತ್ತರಿಸುತ್ತ ಎಲ್ಲವನ್ನೂ ನೋಡುತ್ತಿದ್ದೆ. ಏನದು ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಅವನು ಮರಳುವಷ್ಟರಲ್ಲಿ ಅಜ್ಜಿ ಲೋಟ ಖಾಲಿ ಮಾಡಿದ್ದಳು.

"ಇವತ್ತಿನ ಹಣ್ಣು ಸ್ವಲ್ಪ ಒಗರು ನೋಡಪ್ಪ. ನೀನು ಹಿಂಡಿದ್ದಂತ ಬಿಡ್ಲಿಲ್ಲ."

ಮಾವ ಖಾಲಿ ಲೋಟವನ್ನು ಎತ್ತಿ ಬಗ್ಗಿಸಿ ನೋಡಿದ. ಕೈಯಲ್ಲಿದ್ದ ಐಸ್ ಕರಗಿ ನೆಲಕ್ಕೆ ತೊಟ್ಟಿಕ್ಕಿತು.

ಖಾಲಿ ಹೊಟ್ಟೆಗೆ ವೋಡ್ಕಾ ಬಿದ್ದು ಮಲಗಿದ ಅಜ್ಜಿ ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಮಾವ ಪಕ್ಕದಲ್ಲೇ ಕೂತು ಅವಳ ಉಸಿರು ನೋಡುತ್ತಿದ್ದ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಸಂಜೆಯ ಪೂಜೆ ತಪ್ಪಿತು.

ಮರುದಿನ ಅವಳು ತನ್ನನ್ನೇ ಬೈದುಕೊಂಡಳು. "ಮೈಗಳ್ಳಿ ಆಗೀನಿ. ಇನ್ನ ಐದು ಸೋಮವಾರ ನೀರೂ ಮುಟ್ಟಂಗಿಲ್ಲ."

"ಬ್ಯಾಡಬೇ ಯವ್ವ," ಎಂದ ಮಾವ.

"ನನ್ ತಪ್ಪಿಗೆ ನಾನು ಮಾಡ್ಕೊಂತೀನಿ. ನಿನಗ್ಯಾಕ?"

ಮಾವ ಬಸ್ಸಿಗೆಂದು ಹೊರಟವನು ಹೊಸ್ತಿಲಲ್ಲೇ ನಿಂತ. ಹಾಗೇ ಹೋಗಿಬಿಡಬಹುದಿತ್ತು. "ತಪ್ಪು ನಿಂದಲ್ಲಬೇ. ಆ ಲೋಟಕ್ಕ ಸರಾಯಿ ಹಾಕಿದ್ದೆ. ನಾನು ಇರೋದು ಬಾರಿನಾಗ," ಎಂದ.

ಅಜ್ಜಿ ಆ ಲೋಟ ತಂದು ಮೂಸಿ ನೋಡಿದಳು. "ನಿಮ್ಮಪ್ಪ ಓಣಿ ತುದಿಗೆ ಬಂದ್ರ ನಂಗ ವಾಸನಿ ಬರ್ತಿತ್ತು," ಎಂದಳು. "ಇದು ಬರ್ಲೇ ಇಲ್ಲಲ್ಲಪ್ಪ."

ನೀರು ಬಿಡುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಮಾವ ಅಂದು ಬಳ್ಳಾರಿಗೆ ಹೋಗಲಿಲ್ಲ. ಕೌಂಟರು ಬೇರೆಯವರ ಪಾಲಾಯಿತು. ಈಗಲೂ ಅವನು ಅದೇ ಬಾರಿನಲ್ಲಿ ಟೇಬಲ್ ಒರೆಸುತ್ತಾನೆ. ಸೋಮವಾರ ತಪ್ಪದೆ ಕಿತ್ತಳೆ ತರುತ್ತಾನೆ.

"ಹಿಂಡ್ಲೇನಬೇ?" ಎಂದು ಪ್ರತಿ ಸಲವೂ ಕೇಳುತ್ತಾನೆ.

"ಬ್ಯಾಡ ಬಿಡು. ಹಲ್ಲು ಇನ್ನ ಗಟ್ಟಿ ಅದಾವ," ಎನ್ನುತ್ತ ಅಜ್ಜಿ ತಾನೇ ಹಣ್ಣು ಸುಲಿಯುತ್ತಾಳೆ.