ಬೇಡವಾದವರ ಪಟ್ಟಿಯಲ್ಲಿ ನೀಲಕ್ಕ

ನೀಲಕ್ಕ ರೋಗಿಗಳ ಜೊತೆ ಫೋನಿನಲ್ಲಿ ಮಾತಾಡುವಾಗ ಕೂರುತ್ತಿರಲಿಲ್ಲ. ವಾಷಿಂಗ್ಟನ್ ಹತ್ತಿರದ ಕೊಲಂಬಿಯಾ ಎಂಬ ಊರಿನ ಅವರ ಅಡುಗೆಮನೆಯಲ್ಲಿ ಫೋನು ರಿಂಗಾದರೆ, ಎದುರಿಗೆ ಊಟದ ತಟ್ಟೆ ಇದ್ದರೂ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಆಮೇಲೆಯೇ ಹಲೋ. ಯಾಕಕ್ಕಾ ಅಂದರೆ, "ಜೀವದ ಮಾತು ತಮ್ಮಾ, ಕುಂತು ಆಡೂದಲ್ಲ" ಎನ್ನುವರು.

ಗದಗಿನವರು. ವಾಷಿಂಗ್ಟನ್ ಪಕ್ಕದ ಒಂದು ಸರ್ಕಾರಿ ಸಂಶೋಧನಾ ಆಸ್ಪತ್ರೆಯಲ್ಲಿ ಕೆಲಸ. ಬೇರೆ ಯಾವ ಔಷಧಿಗೂ ಬಗ್ಗದ ಕ್ಯಾನ್ಸರಿಗೆ ಅಲ್ಲಿ ಹೊಸ ಔಷಧಿ ಕೊಟ್ಟು ನೋಡುತ್ತಿದ್ದರು. ರೋಗಿಗಳಿಗೆ ಫೋನ್ ಮಾಡಿ ದಿನ ಗೊತ್ತುಮಾಡಿ, ಬಂದವರನ್ನು ವಾರ್ಡಿಗೆ ಮುಟ್ಟಿಸುವವರೆಗೆ ಎಲ್ಲ ನೀಲಕ್ಕನದೇ ಜವಾಬ್ದಾರಿ. ನಾನು ಮೈಸೂರಿನಿಂದ ಆಗಷ್ಟೇ ಬಂದ ಪ್ರೋಗ್ರಾಮರ್, ಎದುರಿನ ಅಪಾರ್ಟ್‌ಮೆಂಟು. 'ಆಂಟಿ' ಅಂದದ್ದಕ್ಕೆ ಮೊದಲ ದಿನವೇ ಬೈಸಿಕೊಂಡೆ. "ನಿಮ್ಮವ್ವನ ವಾರಿಗಿ ಇದ್ದೀನೇನು ನಾ? ಅಕ್ಕಾ ಅನ್ನು." ನಿಜ ಹೇಳಬೇಕೆಂದರೆ ಅಮ್ಮನಿಗಿಂತ ದೊಡ್ಡವರೇ ಇದ್ದರು. ಬೈದು ಮುಗಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಆಮೇಲೆ ನನ್ನ ಶನಿವಾರದ ಊಟ ಅಲ್ಲೇ ಖಾಯಂ ಆಯಿತು.

ತೊಂಬತ್ತೈದರ ಡಿಸೆಂಬರಿನಲ್ಲಿ ಬಜೆಟ್ಟಿನ ವಿಷಯಕ್ಕೆ ಅಧ್ಯಕ್ಷ, ಸಂಸತ್ತು ಎಂದು ದೊಡ್ಡವರು ದೊಡ್ಡವರು ಜಗಳಕ್ಕೆ ಬಿದ್ದು, ಖರ್ಚಿಗೆ ದುಡ್ಡು ಮಂಜೂರು ಮಾಡದೆ ಸರ್ಕಾರಕ್ಕೇ ಬೀಗ ಹಾಕಿದರಲ್ಲ, ಆಗ ನೀಲಕ್ಕನಿಗೂ ಒಂದು ಕಾಗದ ಬಂತು. ಒಳಗೆ ಮಲಗಿರುವ ರೋಗಿಗಳನ್ನು ನೋಡಿಕೊಳ್ಳುವವರು ಅಗತ್ಯದವರು. ಹೊಸಬರನ್ನು ಕರೆತರುವವರು ಅನಗತ್ಯ, ಮನೆಯಲ್ಲಿರತಕ್ಕದ್ದು. ಸಂಬಳ ಬೇಡ, ಸುಮ್ಮನೆ ಬಂದು ಮಾಡುತ್ತೇನೆ ಅಂದರೆ ಅದೂ ಅಪರಾಧವಂತೆ! ನಾನೊಬ್ಬ ಪೆದ್ದ, ಆ ಶನಿವಾರ ಊಟಕ್ಕೆ ಹೋದವನು "ರಜಾ ಸಿಕ್ತಲ್ಲಕ್ಕಾ, ಎಂಜಾಯ್ ಮಾಡಿ" ಅಂದುಬಿಟ್ಟೆ.

ನೀಲಕ್ಕ ಸೌಟು ಕೆಳಗಿಟ್ಟರು. "ಸೋಮವಾರ ಸೌತ್ ಕ್ಯಾರೊಲಿನಾದಿಂದ ಒಬ್ಬಾಕಿ ಬರಾಕತ್ತಾಳ. ಲೋರೇನ್ ಅಂತ. ಮೂರು ತಿಂಗಳಿಂದ ಕಾದಾಳ. ಬರಬ್ಯಾಡ ಅನ್ನಾಕ ಆಕಿ ನಂಬರು ಆಫೀಸಿನ್ಯಾಗ ಐತಿ, ಆಫೀಸಿಗೆ ಕೀಲಿ ಬಿದ್ದೈತಿ. ನೀ ಎಂಜಾಯ್ ಮಾಡು."

ಸೋಮವಾರ ನಾನೇ ರಜೆ ಹಾಕಿ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಗೇಟಿನ ಗಾರ್ಡ್ ಹಳೆಯ ಪರಿಚಯದವನು. "ನಿಮ್ಮನ್ನು ಒಳಗೆ ಬಿಟ್ಟರೆ ನನ್ನ ಕೆಲಸ ಹೋಗುತ್ತೆ" ಎಂದು ತಲೆ ತಗ್ಗಿಸಿದ. ಆ ಚಳಿಯಲ್ಲಿ ಗೇಟಿನ ಹೊರಗೆ ಎರಡು ಗಂಟೆ ನಿಂತೆವು. ಮಧ್ಯಾಹ್ನದ ಹೊತ್ತಿಗೆ ಒಂದು ಹಳೇ ಪಿಕಪ್ ಬಂತು. ಓಡಿಸುತ್ತಿದ್ದವನು ಲೋರೇನ್‌ಳ ಗಂಡ ಅರ್ಲ್, ಸ್ಕೂಲ್ ಬಸ್ಸುಗಳ ಮೆಕ್ಯಾನಿಕ್. ಪಕ್ಕದಲ್ಲಿ ಉಣ್ಣೆ ಟೋಪಿಯ ಲೋರೇನ್, ಮಡಿಲಲ್ಲಿ ದಪ್ಪ ಫೈಲು. ಬೀಗ ತೆಗೆಯುವ ತನಕ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ನೀಲಕ್ಕ ಹೇಳಿದಾಗ ಅವಳು, "ಡಾಕ್ಟರು ಒಳಗಿದ್ದಾರಾ?" ಅಂದಳು. ಇದ್ದಾರೆ. "ಔಷಧಿ?" ಅದೂ ಇದೆ. "ಮತ್ತೆ?" ಮತ್ತೆ ಏನಂತ ಹೇಳುತ್ತೀರಿ?

ನೀಲಕ್ಕ ಇಬ್ಬರನ್ನೂ ಮನೆಗೆ ಕರೆತಂದರು. ಎರಡು ದಿನದಲ್ಲಿ ಬೀಗ ತೆಗೆಯುತ್ತಾರೆಂದು ಎಲ್ಲರ ಎಣಿಕೆ. ಟಿವಿಯಲ್ಲಿ ದಿನಾ ಸೂಟು ತೊಟ್ಟವರು ಕಾಣಿಸಿಕೊಂಡು ಮಾತುಕತೆ ಚೆನ್ನಾಗಿ ನಡೆದಿದೆ ಎನ್ನುವರು. ನೀಲಕ್ಕ ಟಿವಿಗೇ ಬೈಯುವರು: "ನಿಮ್ಮ ಬಾಯಾಗ ಮಣ್ಣ ಹಾಕ! ನಿಮ್ಮ ಮನ್ಯಾಗ ಯಾರರ ಹಿಂಗ ಮಲಗಿದ್ರ ನಕ್ಕೋಂತ ಕುಂದರ್ತಿದ್ರೇನು?" ಭಾಷೆ ತಿಳಿಯದಿದ್ದರೂ ಲೋರೇನ್ ನಗುತ್ತಿದ್ದಳು. ಅವಳಿಗೆ ಗಂಜಿ ಬಿಟ್ಟು ಏನೂ ಸೇರುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಮಕ್ಕಳು ಕಾಯುತ್ತಾರೆಂದು ಹಿಂದಿನ ದಿನ ಇಬ್ಬರೂ ಊರಿಗೆ ವಾಪಸಾದರು.

ಬೀಗ ತೆಗೆದದ್ದು ಜನವರಿಯಲ್ಲಿ. ಹಿಮ ಬಿದ್ದು ಮತ್ತೆ ಕೆಲವು ದಿನ ಹೋಯಿತು. ನೀಲಕ್ಕ ಎಲ್ಲರಿಗಿಂತ ಮೊದಲು ಲೋರೇನ್‌ಳನ್ನು ಕರೆಸಿದರು. ಪರೀಕ್ಷೆ ಮಾಡಿದರೆ, ಕಾಯಿಲೆ ಅಷ್ಟರಲ್ಲಿ ಲಿವರಿಗೂ ಹಬ್ಬಿತ್ತು. ಅಷ್ಟು ಮುಂದುವರಿದವರನ್ನು ಸೇರಿಸಿಕೊಳ್ಳಬಾರದೆಂದು ನಿಯಮ. ಡಾಕ್ಟರು ಅದನ್ನು ಹೇಳಿ ಹೋದ ಮೇಲೆ, ಪಿಕಪ್ಪಿನ ತನಕ ಅವಳ ತೋಳು ಹಿಡಿದು ನಡೆಸಿದವರು ನೀಲಕ್ಕ.

ಏಪ್ರಿಲಿನಲ್ಲಿ ಅರ್ಲ್ ಫೋನ್ ಮಾಡಿ, ಲೋರೇನ್ ಹೋದಳು ಅಂದ. ಆ ಡಿಸೆಂಬರಿನಲ್ಲೇ ಔಷಧಿ ಸಿಕ್ಕಿದ್ದರೆ ಬದುಕುತ್ತಿದ್ದಳೇ? ಯಾರಿಗೂ ಗೊತ್ತಿಲ್ಲ. ಕೊಟ್ಟು ನೋಡುವ ಅವಕಾಶವನ್ನೇ ಕಿತ್ತುಕೊಂಡರಲ್ಲ, ನನ್ನ ಸಿಟ್ಟು ಅದಕ್ಕೆ. ಅಷ್ಟರಲ್ಲಿ ನೀಲಕ್ಕನಿಗೆ ಮನೆಯಲ್ಲಿ ಕೂರಿಸಿದ ದಿನಗಳ ಸಂಬಳವೂ ಪೂರ್ತಿ ಬಂದಿತ್ತು. "ನನ್ನ ದಿನಾ ನನಗ ತಿರುಗಿ ಕೊಟ್ರು. ಆಕಿ ದಿನಾ ಯಾರು ಕೊಡ್ತಾರ?" ಅಂದರು.

ನಿವೃತ್ತರಾದ ಮೇಲೆ ನೀಲಕ್ಕ ಸೌತ್ ಕ್ಯಾರೊಲಿನಾದ ಫೋರ್ಟ್ ಮಿಲ್‌ನಲ್ಲಿದ್ದ ಮಗಳ ಮನೆಗೆ ಹೋದರು. ತೊಂಬತ್ತೊಂಬತ್ತರಲ್ಲಿ ನಾನು ನೋಡಲು ಹೋದಾಗ ಅರ್ಲ್ ಅಂಗಳದಲ್ಲಿ ಅವರ ಕಾರಿನ ಬ್ರೇಕು ಬದಲಾಯಿಸುತ್ತಿದ್ದ. ಅವನ ಊರು ಅಲ್ಲಿಂದ ಹತ್ತಿರ, ಆಗಾಗ ಬರುತ್ತಾನಂತೆ. ಮಾತಿಗೆ ಮಾತು ಬಂದು ಆ ಚಳಿಗಾಲದ ವಿಷಯವೂ ಬಂತು. ಅರ್ಲ್ ಕೈ ಒರೆಸಿಕೊಳ್ಳುತ್ತ, "ನನಗೀಗ ಯಾರ ಮೇಲೂ ಕೋಪವಿಲ್ಲ, ಎಲ್ಲ ದೇವರಿಗೆ ಬಿಟ್ಟಿದ್ದೇನೆ" ಅಂದ. ನೀಲಕ್ಕ ಅವನಿಗೆ ಚಹಾ ಕೊಟ್ಟು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಒಂದು ಮಾತು ಹೇಳಿದರು. ಮರುವರ್ಷ ಅವರೇ ಇರಲಿಲ್ಲ. ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತುಗಳಲ್ಲಿ ಅದೊಂದು.

"ಅಂವಾ ದೊಡ್ಡ ಮನಸಿನಾಂವ, ಬಿಟ್ಟಾನ. ನಾ ಬಿಟ್ಟಿಲ್ಲ ತಮ್ಮಾ. ನೀನೂ ಬಿಡಬ್ಯಾಡ."