ಹೊಸದುರ್ಗದಿಂದ ಬಂದ ಮಾತು

2023ರ ಜೂನ್‌ನಲ್ಲಿ ನನ್ನನ್ನು ಹಿರಿಯೂರಿನ ಒಂದು ಸಣ್ಣ ಸಭೆಗೆ ಸಹಾಯಕ ಪಾಸ್ಟರ್ ಆಗಿ ಕಳುಹಿಸಿದರು. ಬೈಬಲ್ ಕಾಲೇಜು ಮುಗಿಸಿದ ಮೇಲೆ ಅದೇ ನನ್ನ ಮೊದಲ ಕೆಲಸ. ಐಮಂಗಲದ ಸುತ್ತಲಿನ ಮನೆಗಳಲ್ಲಿ ವಾರಕ್ಕೊಮ್ಮೆ ಪ್ರಾರ್ಥನೆ ನಡೆಸಬೇಕಿತ್ತು. ಯಾವ ಮನೆಗೆ ಹೋದೆ, ಏನು ಓದಿದೆ ಎಂಬುದನ್ನು ದಿನವೂ ಡೈರಿಯಲ್ಲಿ ಬರೆಯುತ್ತಿದ್ದೆ. ಅಕ್ಟೋಬರ್ ಪುಟಗಳಲ್ಲಿ ರತ್ನಕ್ಕನ ಹೆಸರೇ ಹೆಚ್ಚು.

ರತ್ನಕ್ಕ ಕುರಿ ಸಾಕುವ ಮನೆಯ ಸೊಸೆ. ಆ ಮನೆಯಿಂದ ಸಭೆಗೆ ಬರುತ್ತಿದ್ದವರು ಅವರೊಬ್ಬರೇ. ಗಂಡ ತಿಪ್ಪೇಶ ಭಾನುವಾರ ಬೈಕಿನಲ್ಲಿ ಕರೆತಂದು, ಆರಾಧನೆ ಮುಗಿಯುವವರೆಗೆ ಹೊರಗಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಒಳಗೆ ಕರೆದರೆ, "ನೀವು ಪ್ರಾರ್ಥನೆ ಮಾಡ್ರಿ, ನಾನು ಚಪ್ಲಿ ಕಾಯ್ತೀನಿ" ಎಂದು ನಗುತ್ತಿದ್ದ.

ಅಕ್ಟೋಬರ್ ಮೊದಲ ವಾರ ಕುರಿಗಳನ್ನು ಹೆದ್ದಾರಿ ದಾಟಿಸುವಾಗ ಅವುಗಳ ಹಿಂದೆ ಓಡಿದ ತಿಪ್ಪೇಶನಿಗೆ ಲಾರಿ ಬಡಿಯಿತು. ಅಲ್ಲೇ ಪ್ರಾಣ ಹೋಯಿತು. ಹೇಳದೆ ಕೇಳದೆ ಒಂದು ಕುರಿಯನ್ನು ತನ್ನ ತಮ್ಮನಿಗೆ ಕೊಟ್ಟನೆಂದು ಅಂದು ಬೆಳಿಗ್ಗೆ ಗಂಡ ಹೆಂಡಿರಿಗೆ ಜಗಳವಾಗಿತ್ತು. "ಸಂಜಿಗೆ ಮನೆಗೆ ಬರಬ್ಯಾಡ" ಎಂದಿದ್ದರು ರತ್ನಕ್ಕ. ಅದೇ ಕೊನೆಯ ಮಾತು.

ತಿಥಿ ಮುಗಿದ ಮೇಲೆ ಅತ್ತೆ ಮಾರಕ್ಕ ಒಂದು ದಾರಿ ಹೇಳಿದರು. ಹೊಸದುರ್ಗದ ಕಡೆ ಒಬ್ಬ ಹೆಂಗಸಿನ ಮೈಮೇಲೆ ಸತ್ತವರು ಬಂದು ಮಾತಾಡುತ್ತಾರಂತೆ. ಹೋಗಲೇ ಎಂದು ರತ್ನಕ್ಕ ನನ್ನನ್ನು ಕೇಳಿದರು.

ನಾನು ಕಲಿತದ್ದನ್ನು ಕ್ರಮವಾಗಿ ಹೇಳಿದೆ. ಸತ್ತವರನ್ನು ಕರೆಸಿ ಕೇಳುವುದನ್ನು ಮೋಶೆಯ ಧರ್ಮಶಾಸ್ತ್ರ ನಿಷೇಧಿಸುತ್ತದೆ. ಸತ್ತವರು ದೆವ್ವವಾಗಿ ಮನೆ ಸುತ್ತುವುದಿಲ್ಲ, ಅವರ ದನಿಯಲ್ಲಿ ಮಾತಾಡುವುದು ಮೋಸಗೊಳಿಸುವ ಆತ್ಮ ಎಂಬುದು ನಮ್ಮ ಬೋಧನೆ. ಅರಸನಾದ ಸೌಲ ಯುದ್ಧಕ್ಕೆ ಹೆದರಿ, ತೀರಿಹೋಗಿದ್ದ ಪ್ರವಾದಿ ಸಮುವೇಲನನ್ನು ಒಬ್ಬ ಹೆಂಗಸಿನಿಂದ ಕರೆಸಿದ ಕಥೆಯನ್ನೂ ಓದಿದೆ.

"ಆದ್ರೂ ಸಮುವೇಲ ಬಂದ ತಾನೆ ಪಾಸ್ಟ್ರೇ?"

ಬಂದವನು ಸಮುವೇಲನೇ ಎನ್ನುವ ಪಂಡಿತರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ಸೌಲನಿಗಂತೂ ಸಮಾಧಾನ ಸಿಗಲಿಲ್ಲ ಎಂದೆ.

"ನಂಗೇನು ಯುದ್ಧ ಗೆಲ್ಲಬೇಕಾಗಿಲ್ಲ. ಅವರಿಗೆ ನನ್ ಮ್ಯಾಲೆ ಸಿಟ್ಟು ಐತೋ ಇಲ್ಲೋ, ಅಷ್ಟು ಗೊತ್ತಾದ್ರೆ ಸಾಕು."

ಬಾಗಿಲ ಬಳಿ ಕುಳಿತಿದ್ದ ಮಾರಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. "ಏನಪ್ಪ, ನಿಮ್ಮ ದೇವ್ರು ಸತ್ತು ಮೂರು ದಿನಕ್ಕೆ ಎದ್ದು ಬಂದ ಅಂತೀರಿ. ನನ್ ಮಗ ಒಂದು ಮಾತು ಆಡಾಕೆ ಬಂದ್ರೆ ತಪ್ಪಾ?"

ನನ್ನಲ್ಲಿ ಉತ್ತರವಿತ್ತು. ಮಗನನ್ನು ಕಳೆದುಕೊಂಡವರ ಮುಂದೆ ವಾದ ಬೇಡವೆಂದು ಬೈಬಲ್ ಮುಚ್ಚಿ ಪ್ರಾರ್ಥನೆ ಮಾಡಿದೆ. ರತ್ನಕ್ಕ ಹೋಗುವುದಿಲ್ಲ ಎಂದು ಒಪ್ಪಿಕೊಂಡರು.

ಮುಂದಿನ ಬುಧವಾರ ಮಾರಕ್ಕ ಒಬ್ಬರೇ ಹೊಸದುರ್ಗಕ್ಕೆಂದು ಬಸ್ಸು ಹತ್ತಿ ಹೋಗಿ ಸಂಜೆ ಬಂದರು. ಗುರುವಾರ ಬೆಳಿಗ್ಗೆ ರತ್ನಕ್ಕ ಫೋನ್ ಮಾಡಿ ನನ್ನನ್ನು ಕರೆಸಿಕೊಂಡರು. ಅಂಗಳ ಗುಡಿಸಿತ್ತು, ಅವರು ತಲೆ ಬಾಚಿಕೊಂಡಿದ್ದರು.

"ಅತ್ತೆ ಹೋದಾಗ ಅವರು ಬಂದಿದ್ರಂತೆ. ಸಿಟ್ಟಿಲ್ಲ ಅಂತ ಹೇಳು ಅಂದ್ರಂತೆ. ಅದು ಅವರ ಮಾತೇ ಅಂತ ನಂಬಬಹುದಾ ಪಾಸ್ಟ್ರೇ?"

ಹೌದು ಎಂದರೆ ನನ್ನ ಬೋಧನೆಗೆ ದ್ರೋಹ. "ಇಲ್ಲ ಅಕ್ಕ, ಅದು ಅವರ ಮಾತಲ್ಲ" ಎಂದೆ. ದೇವರ ಕ್ಷಮೆಯ ಬಗ್ಗೆಯೂ ಹೇಳಿದೆ.

"ದೇವರು ಕ್ಷಮಿಸ್ತಾನೆ, ಗೊತ್ತು. ನಾನು ಆ ಮಾತು ಅಂದಿದ್ದು ಅವರಿಗಲ್ವಾ?" ಎಂದು ಅವರು ಒಳಗೆ ಹೋದರು.

ಬೈಕಿನವರೆಗೆ ಮಾರಕ್ಕ ಬಂದರು. ಬೈಗುಳಕ್ಕೆ ಸಿದ್ಧನಾಗಿದ್ದೆ.

"ಅವಳಿಗೆ ಹೇಳಬ್ಯಾಡ. ನಾನು ಹೊಸದುರ್ಗಕ್ಕೆ ಹೋಗೇ ಇಲ್ಲ. ಹಿರಿಯೂರು ಬಸ್‌ಸ್ಟ್ಯಾಂಡಿನಾಗೆ ಕುಂತಿದ್ದು ವಾಪಸ್ ಬಂದೆ."

"ಯಾಕೆ ದೊಡ್ಡಮ್ಮ?"

"ಅವನು ಬಂದು ಸಿಟ್ಟೈತೆ ಅಂದುಬಿಟ್ಟಿದ್ರೆ? ಹೆತ್ತೋಳಪ್ಪ ನಾನು. ಬೆಳಿಗ್ಗಿ ಸಿಟ್ಟು ಅವನಿಗೆ ಮಧ್ಯಾಹ್ನದ ತನಕ ಇರ್ತಿರಲಿಲ್ಲ. ಅದನ್ನ ಯಾರ ಮೈಮೇಲೆ ಕರೆಸಿ ಕೇಳಬೇಕು?"

"ಅದನ್ನೇ ನಿಮ್ಮ ಮಾತಾಗಿ ಹೇಳಿ."

"ಹೇಳಿಲ್ಲ ಅಂದ್ಕಂಡ್ಯಾ? ಅತ್ತೆ ಸಮಾಧಾನಕ್ಕೆ ಹೇಳ್ತಾಳೆ ಅಂತಾಳೆ. ಅವನೇ ಹೇಳ್ದ ಅಂದ್ಮೇಲೆ ನಿನ್ನೆ ಮುದ್ದೆ ಉಂಡ್ಲು. ಬೆಳಿಗ್ಗೆ ನೀನು ಬಂದೆ."

ಇಂದು ಯಾರು ಕೇಳಿದರೂ ನನ್ನ ಬೋಧನೆ ಅದೇ. ಆದರೆ ಸತ್ತವರ ಕಡೆಗಿನ ಬಾಗಿಲು ಮುಚ್ಚಿದವನು ಮುಚ್ಚಿದ ಬಾಗಿಲ ಹೊರಗೆ ನಿಂತವರ ಜೊತೆ ತಾನೂ ನಿಲ್ಲಬೇಕು, ಕೈಯಲ್ಲಿ ಏನೂ ಇಲ್ಲದಿದ್ದರೂ ನಿಲ್ಲಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ರತ್ನಕ್ಕ ಈಗಲೂ ಭಾನುವಾರ ಬರುತ್ತಾರೆ. ಮಗ ಕೂರುತ್ತಿದ್ದ ಕಟ್ಟೆಯ ಮೇಲೆ ಮಾರಕ್ಕ ಕಾಯುತ್ತಾರೆ. ಆರಾಧನೆ ಮುಗಿದು ನಾನು ಬಾಗಿಲಿಗೆ ಬಂದಾಗ, ಹೇಳಿಲ್ಲ ತಾನೆ ಎಂಬಂತೆ ನನ್ನ ಮುಖ ನೋಡುತ್ತಾರೆ. ಇಲ್ಲ ಎಂದು ತಲೆಯಾಡಿಸುತ್ತೇನೆ.